ಹತ್ತಿರದ ಕಮ್ಮಟ

ಆ ಬೇಸಿಗೆಯಲ್ಲಿ ನನ್ನ ಮುಂದೆ ಎರಡು ಕಥಾ ಕಮ್ಮಟಗಳಿದ್ದವು. ಒಂದು ಬೆಂಗಳೂರಿನಲ್ಲಿ, ಇನ್ನೊಂದು ಕಿತ್ತೂರಿನ ಹೈಸ್ಕೂಲೊಂದರಲ್ಲಿ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬೈಲಹೊಂಗಲದ ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ವಾರಪತ್ರಿಕೆಯಲ್ಲಿ ಎರಡು ಕಥೆ ಬಂದಿದ್ದವು, ಅಷ್ಟೇ.

ಬೆಂಗಳೂರಿಗೆ ದೊಡ್ಡ ದೊಡ್ಡ ವಿಮರ್ಶಕರು ಬರುವವರಿದ್ದರು. ಅವರೆದುರು ನಿಂತು ಓದುವುದನ್ನು ನೆನೆದರೇ ಅಂಜಿಕೆಯಾಗುತ್ತಿತ್ತು. ನನ್ನ ಪಾತ್ರಗಳು ‘ಐತಿ’, ‘ಹೋಗ್ಯಾನ’ ಎನ್ನುವುದನ್ನು ಕೇಳಿ ನಕ್ಕುಬಿಟ್ಟರೆ? ಕಿತ್ತೂರಾದರೆ ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ಮನೆ ಸೇರಬಹುದು, ಅಲ್ಲಿ ಯಾರ ಹೆದರಿಕೆಯೂ ಇಲ್ಲ ಎಂದುಕೊಂಡು ಅದನ್ನೇ ಆರಿಸಿಕೊಂಡೆ.

ಮೊದಲ ದಿನ ಒಳಗೆ ಹೋಗುತ್ತಿದ್ದವಳು ಬಾಗಿಲಲ್ಲೇ ನಿಂತೆ. ಮುಂದಿನ ಬೆಂಚಿನಲ್ಲಿ ಅಕ್ಕನ ಮೈದುನ ಕುಳಿತಿದ್ದ. ಸಾಲಹಳ್ಳಿಯಲ್ಲಿ ಮಾಸ್ತರನಾಗಿದ್ದ ಅವನು ಬರೆಯುತ್ತಾನೆಂಬುದೇ ನನಗೆ ಗೊತ್ತಿರಲಿಲ್ಲ. ಅಕ್ಕನನ್ನು ರಾಮದುರ್ಗದ ಅವರ ಮನೆಗೆ ಕೊಟ್ಟಿದ್ದೆವು. ಬಾಳಲಾಗದೆ ಅವಳು ತವರಿಗೆ ಬಂದು ವರ್ಷವಾಗಿತ್ತು. ಅವಳ ಪುಟ್ಟ ಮಗಳು ಅಲ್ಲೇ ಉಳಿದಿದ್ದಳು. ಮಗಳ ವಿಚಾರ ಮಾತಾಡಲು ಸವದತ್ತಿಯಲ್ಲಿ ಎರಡೂ ಕಡೆಯ ಹಿರಿಯರು ಸೇರುವವರಿದ್ದರು.

ನಾನು ಬರೆದದ್ದು ಅಕ್ಕನ ಕಥೆಯೇ. ಹೆಸರು ಬದಲಿಸಿದ್ದೆ. ಆದರೆ ಅವಳು ಟ್ರಂಕು ಹಿಡಿದು ಹಿತ್ತಲ ಬಾಗಿಲಿನಿಂದ ಹೊರಬಿದ್ದದ್ದು, ಅತ್ತೆ ನೋಡಿಯೂ ನೋಡದವರಂತೆ ರೊಟ್ಟಿ ಬಡಿಯುತ್ತಲೇ ಇದ್ದದ್ದು ಎಲ್ಲ ಹಾಗೇ ಇತ್ತು. ಕಥೆ ತಂದಿಲ್ಲ ಎನ್ನೋಣವೆಂದರೆ, ಪ್ರತಿಯನ್ನು ಮೊದಲೇ ಅಂಚೆಯಲ್ಲಿ ಕಳಿಸಿಯಾಗಿತ್ತು. ಕಮ್ಮಟ ನಡೆಸುತ್ತಿದ್ದ ನಿವೃತ್ತ ಪ್ರಾಧ್ಯಾಪಕರು ನನ್ನನ್ನು ಕರೆದೇಬಿಟ್ಟರು. ತಲೆ ಎತ್ತದೆ ಓದಿದೆ. ರೊಟ್ಟಿಯ ಮಾತು ಬಂದಾಗ ಬೇಗ ಬೇಗ ಓದಿ ದಾಟಿದೆ. ಆಮೇಲೆ ಯಾರು ಏನು ಹೇಳಿದರೋ ಒಂದೂ ಕಿವಿಗೆ ಬೀಳಲಿಲ್ಲ.

ಚಹಾದ ಹೊತ್ತಿಗೆ ಮೈದುನ ಹತ್ತಿರ ಬಂದ.

“ನಮ್ಮವ್ವ ಹಂಗ ರೊಟ್ಟಿ ಬಡಕೋತ ಕುಂತಿದ್ದು ಖರೇನ?”

“ಅಕ್ಕ ಹಂಗ ಹೇಳ್ಯಾಳ್ರಿ.”

“ನಾ ಅವತ್ತ ಊರಾಗ ಇದ್ದಿಲ್ರಿ,” ಎಂದು ಕಪ್ಪು ಇಟ್ಟು ಹೋದ. ಮರುದಿನ ಕಮ್ಮಟಕ್ಕೆ ಬರಲಿಲ್ಲ.

ಮನೆಯಲ್ಲಿ ಹೇಳಿಯೇ ಹೇಳುತ್ತಾನೆ, ಅವರು ಸಿಟ್ಟಿಗೆದ್ದು ಮಗಳನ್ನು ತೋರಿಸುವುದೂ ಇಲ್ಲ. ಸಂಜೆ ಬಸ್ಸಿನಲ್ಲಿ ಇದೊಂದೇ ಯೋಚನೆ. ಬೇರೆಯವರಿಂದ ತಿಳಿಯುವ ಮೊದಲು ನಾನೇ ಹೇಳಬೇಕೆಂದು, ಜೋಳ ಹಸನು ಮಾಡುತ್ತಿದ್ದ ಅಕ್ಕನ ಮುಂದೆ ಕುಳಿತು ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಓದು ಎಂದಳು. ಚೀಲದಿಂದ ಕಥೆ ತೆಗೆದು ಓದಿದೆ.

“ಬಾಗಿಲದಾಗ ನಾ ಅತ್ತಿದ್ದಿಲ್ಲ,” ಎಂದಳು ಕೊನೆಗೆ. “ಅದನ್ನ ತಗೀ. ಉಳಿದಿದ್ದು ಇರಲಿ.”

ಸವದತ್ತಿಯ ಮಾತುಕತೆಗೆ ಮೈದುನನೂ ಬಂದಿದ್ದನಂತೆ. ಕಥೆಯ ಸುದ್ದಿ ಯಾರೂ ಎತ್ತಲಿಲ್ಲ. ರಜೆಯಲ್ಲಿ ಮಗಳನ್ನು ಕಳಿಸಲು ಒಪ್ಪಿದರು, ಅಷ್ಟೇ. ಅವನು ಮನೆಯಲ್ಲಿ ಏನಾದರೂ ಹೇಳಿದ್ದನೋ ಇಲ್ಲವೋ, ಕೇಳಲು ನನಗೆ ಇವತ್ತಿಗೂ ಧೈರ್ಯವಾಗಿಲ್ಲ.