ಸಿಲಿಂಡರಿಗೆ ಬಸ್ಸಿಲ್ಲ

ಸ್ನೇಹಿತರೇ, ಗ್ಯಾಸ್ ಒಲೆ ಬಂದಮೇಲೂ ಹಳ್ಳಿಗಳಲ್ಲಿ ಸೌದೆ ಏಕೆ ಉರಿಯುತ್ತದೆ ಎಂಬುದು ನನ್ನ ಸಂಶೋಧನೆಯ ಪ್ರಶ್ನೆ. ಉತ್ತರ ಇವತ್ತು ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲೇ ಸಿಕ್ಕಿತು. ಹತ್ತಿರದ ಹಂಗಳ ಹಳ್ಳಿಯ ಸಿದ್ದಮ್ಮ ತುಂಬಿದ ಸಿಲಿಂಡರ್ ಸಮೇತ ನಾನು ಕೂತಿದ್ದ ಬಸ್ ಹತ್ತಿದರು.

"ಗ್ಯಾಸು ಬಸ್ಸಲ್ಲಿ ತಗಂಡೋಗಂಗಿಲ್ಲ, ಇಳೀರಮ್ಮ" ಎಂದ ಕಂಡಕ್ಟರ್.

"ಸೊಸೆ ಬಾಣಂತಿ ಕಣಪ್ಪ, ಹೊಗೆಗೆ ಕೂಸು ಕೆಮ್ತಾ ಅದೆ. ಇದ ಒತ್ಗಂಡು ನಡೆಯಕ್ಕಾದದಾ?"

ಅವನು ಹೇಳಿದ್ದೂ ತಪ್ಪಲ್ಲ, ಆಕೆ ಕೇಳಿದ್ದೂ ತಪ್ಪಲ್ಲ. ಸಿದ್ದಮ್ಮನ ಜೊತೆ ನಾನೂ ಇಳಿದೆ. ಕೊನೆಗೆ ಗುಜರಿ ವ್ಯಾಪಾರಿ ರಫೀಕ್, "ಕೂತ್ಕೊಳ್ಳಿ ಅಮ್ಮ, ನಾನೂ ಆ ಕಡೆಗೇ ಹೋಗೋದು" ಎಂದು ತನ್ನ ಲಗೇಜ್ ಆಟೋದಲ್ಲಿ ಸಿಲಿಂಡರ್ ಸಮೇತ ನಮ್ಮಿಬ್ಬರನ್ನೂ ಕೂರಿಸಿಕೊಂಡ. ಹಂಗಳದ ತನಕ ಆಟೋ ಕಪ್ಪು ಹೊಗೆ ಕಾರಿತು. ಸೆರಗಿನಿಂದ ಮೂಗು ಮುಚ್ಚಿಕೊಂಡ ಸಿದ್ದಮ್ಮ ನಕ್ಕರು:

"ಮನೇಲಿ ಬ್ಯಾಡ ಅಂತ ದಾರೀಲೇ ಹೊಗೆ ಕುಡೀತಾ ಇವ್ನಿ ಕಣವ್ವ."

ಒಲೆಗೊಂದು ವರದಿ, ಬಸ್ಸಿಗೊಂದು ವರದಿ ಬರೆಯುವವರು ನಾವು. ಎರಡರ ನಡುವೆ ಕೆಮ್ಮುವವರು ಸಿದ್ದಮ್ಮ.