ಖಾಲಿ ಮನೆಯ ಕೆಮ್ಮು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಈ ಹೊತ್ತಿನಲ್ಲಿ ಗೇಟು ತೆಗೆಯುವವರು ಅಕ್ಕಪಕ್ಕದವರ ನಿದ್ದೆ ಕೆಡದಿರಲಿ ಎಂದು ಮೆಲ್ಲಗೆ ತೆಗೆಯುತ್ತಾರೆ. ಬೀಗದಕ್ಕ ಬೇಕೆಂದೇ ಧಡಾರನೆ ತಳ್ಳುತ್ತಾರೆ. ಹಿಂಬಾಗಿಲಿನಿಂದ ಒಳಗೆ ಹೋಗಿ ಕಿಟಕಿಯ ಪರದೆ ಸರಿಸುತ್ತಾರೆ, ಅಡುಗೆಮನೆಯ ನಲ್ಲಿ ಬಿಡುತ್ತಾರೆ, ರೇಡಿಯೊ ಹಾಕುತ್ತಾರೆ. ಮನೆಯವರು ಊರಲ್ಲಿಲ್ಲ, ಬರುವುದು ಇನ್ನೂ ತಿಂಗಳಾಗಬಹುದು. ಆಕೆ ಮಾತ್ರ ಒಂದು ಟವೆಲ್ ಒದ್ದೆ ಮಾಡಿ ಹಿಂಡಿ ತಂತಿಯ ಮೇಲೆ ಹರವುತ್ತಾರೆ. ಚೀಲದಿಂದ ಗಂಡಸರ ಸವೆದ ಚಪ್ಪಲಿ ತೆಗೆದು ಮುಂಬಾಗಿಲ ಮೆಟ್ಟಿಲ ಮೇಲೆ ಒಂದನ್ನು ನೆಟ್ಟಗೆ, ಇನ್ನೊಂದನ್ನು ಸೊಟ್ಟಗೆ ಬಿಡುತ್ತಾರೆ.

"ಜೋಡಿಸಿಟ್ರೆ ಅನುಮಾನ ಬರುತ್ತೆ ಮೇಡಂ. ಮನೇಲಿರೋ ಗಂಡಸು ಯಾವತ್ತು ಚಪ್ಪಲಿ ಜೋಡಿಸಿಟ್ಟಿದಾನೆ ಹೇಳಿ?"

ನಾನು ಮೆಟ್ಟಿಲ ಹತ್ತಿರ ನಗುತ್ತಿರುವಾಗಲೇ ಆಕೆ ಒಳಗೆ ಹೋಗಿ ಬಚ್ಚಲುಮನೆಯ ಕಿಟಕಿಯ ಹತ್ತಿರ ನಿಲ್ಲುತ್ತಾರೆ. ಮರುಗಳಿಗೆ ಒಳಗಿಂದ ಒಬ್ಬ ಗಂಡಸು ಕೆಮ್ಮುತ್ತಾನೆ. ಎದೆಯ ಆಳದಿಂದ ಎಳೆದೆಳೆದು ಬರುವ, ಕೊನೆಯಲ್ಲಿ ಉಸಿರಿಗೆ ತಡಕಾಡುವ ಕೆಮ್ಮು. ಅಯ್ಯೋ, ಮನೆಯಲ್ಲಿ ಯಾರೋ ಇದ್ದಾರಲ್ಲ ಎಂದು ನಾನು ಗೇಟಿನ ಕಡೆ ಓಡುತ್ತೇನೆ. ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾ ಹೊರಗೆ ಬರುವುದು ಬೀಗದಕ್ಕನೇ.

ಇದು ಈಕೆಯ ಕೆಲಸ. ಇದರ ಬಗ್ಗೆ ಬರೆಯಲೆಂದೇ ನಾನು ಇವತ್ತು ಜೊತೆಗೆ ಬಂದಿದ್ದೇನೆ. ಊರಿಗೆ ಹೋದವರ ಮನೆಯಲ್ಲಿ ಜನ ಇದ್ದಾರೆ ಎಂದು ಬೀದಿಗೆ ನಂಬಿಸುವುದು. ಕಳ್ಳರ ಕಣ್ಣಿಗೆ ಮಣ್ಣೆರಚುವ ಈ ಹೊಟ್ಟೆಪಾಡಿಗೆ ಒಂದು ಹೆಸರು ಕೂಡ ಇಲ್ಲ. ಕೆಲಸ ಚೆನ್ನಾಗಿ ಆದರೆ ಏನೂ ಆಗುವುದಿಲ್ಲ, ಏನೂ ಆಗದಿದ್ದರೆ ಯಾರೂ ಹೊಗಳುವುದಿಲ್ಲ. ಹಾಳು ಕೆಲಸ ಎಂದು ನನಗನ್ನಿಸಿದ್ದುಂಟು. ಆಕೆ ಹಾಗೆ ಅನ್ನುವುದಿಲ್ಲ.

ಶುರು ಮಾಡಿದ್ದು ಗಂಡ. ಬೀದಿಯ ಮೂಲೆಯಲ್ಲಿ ಒಂದು ಪೆಟ್ಟಿಗೆ ಇಟ್ಟುಕೊಂಡು ಬೀಗ ರಿಪೇರಿ ಮಾಡುತ್ತಿದ್ದವರು. ಕಳ್ಳತನವಾದ ಮನೆಗಳಿಂದ ಮುರಿದ ಬೀಗಗಳು ಅವರ ಹತ್ತಿರವೇ ಬರುತ್ತಿದ್ದವು. "ಬಾಗಿಲಿಗೆ ಬೀಗ ಜಡಿಯೋದಂದ್ರೆ ಒಳಗೆ ಯಾರೂ ಇಲ್ಲ ಬನ್ರಪ್ಪಾ ಅಂತ ಬೋರ್ಡು ಹಾಕಿದ ಹಾಗೆ ಕಣೇ ಅಂತಿದ್ರು. ಬೀಗ ರಿಪೇರಿ ಮಾಡೋನೇ ಹೀಗಂದ್ರೆ ವ್ಯಾಪಾರ ಆಗುತ್ತಾ? ಆಗ್ಲಿಲ್ಲ!" ಎಂದು ಬೀಗದಕ್ಕ ನಗುತ್ತಾರೆ. ಪೆಟ್ಟಿಗೆ ಮುಚ್ಚಿತು. ಗಂಡ ಹೆಂಡತಿ ಇಬ್ಬರೂ ಖಾಲಿ ಮನೆಗಳ ಕೀಲಿಕೈ ಹಿಡಿದರು. ಪಾತ್ರೆಯ ಸದ್ದು, ಬಟ್ಟೆ ಒಗೆಯುವ ಸದ್ದು ಇವರದು. ಕೆಮ್ಮು ಅವರದು.

ಆ ಕೆಮ್ಮಿನಲ್ಲಿ ಅವರು ಪಳಗಿದವರು. ಮೇಷ್ಟ್ರ ಮನೆಗೊಂದು, ಬ್ಯಾಂಕಿನವರ ಮನೆಗೊಂದು, ಮುಂಗೋಪಿ ವಕೀಲರ ಮನೆಗೆ ಇನ್ನೊಂದು. ಮನೆಯವರು ಹೊರಡುವ ಮುಂಚೆ ಅವರನ್ನು ಮಾತಾಡಿಸಿ, ಹೇಗೆ ಕೆಮ್ಮುತ್ತಾರೆಂದು ಕೇಳಿಸಿಕೊಂಡು ಬರುತ್ತಿದ್ದರು. ಆಮೇಲೆ ಮನೆಯಲ್ಲಿ ಅಭ್ಯಾಸ. ಹೆಂಡತಿ ಪಾತ್ರೆ ತೊಳೆಯುತ್ತಲೇ, "ಇದು ಯಾರ ಮನೇದು?" ಎಂದು ಕೇಳಬೇಕು. ಅವರು, "ವಕೀಲರದು" ಅನ್ನಬೇಕು. ಮಗಳೂ ಸೇರಿಕೊಂಡು ಮೂವರೂ ನಗುತ್ತಿದ್ದರು.

ಹಾಗಿರುವಾಗ ಒಂದು ಹೊಸ ಕೆಮ್ಮು ಶುರುವಾಯಿತು.

"ಇದು ಯಾರ ಮನೇದ್ರೀ ಅಂದೆ. 'ಹೊಸ ಮನೇದು ಕಣೇ' ಅಂದ್ರು. ಚೆನ್ನಾಗಿದೆ, ಆದ್ರೆ ಸ್ವಲ್ಪ ಜಾಸ್ತಿ ಆಯ್ತು, ಕಮ್ಮಿ ಮಾಡಿ ಅಂದೆ." ಬೀಗದಕ್ಕ ನನ್ನ ಮುಖ ನೋಡುವುದಿಲ್ಲ. "ಕಮ್ಮಿ ಮಾಡಿ ಅಂದ್ನಲ್ಲಾ ಮೇಡಂ. ಪಾಪ, ಬಾಯಿಗೆ ಟವೆಲ್ ಒತ್ತಿಕೊಂಡು ಕಮ್ಮಿ ಮಾಡೋರು. ಹೊಸ ಮನೆ ಯಾವುದು, ಕೀಲಿಕೈ ಎಲ್ಲಿ ಅಂತ ಒಂದು ದಿನಾನೂ ಕೇಳ್ಲಿಲ್ಲ ನಾನು."

ಆಸ್ಪತ್ರೆಗೆ ಹೋಗುವ ಹೊತ್ತಿಗೆ ಎರಡೂ ಕಡೆಯ ಶ್ವಾಸಕೋಶ ಕೆಟ್ಟಿತ್ತು. ಮೊದಲೇ ಯಾಕೆ ಕರೆದುಕೊಂಡು ಬರಲಿಲ್ಲ ಎಂದು ಡಾಕ್ಟರು ಗದರಿದರಂತೆ. ಆಟ ಅಂದುಕೊಂಡಿದ್ದೆ ಎಂದು ಡಾಕ್ಟರಿಗೆ ಹೇಗೆ ಹೇಳುವುದು? ಮಳೆಗಾಲ ಮುಗಿಯುವ ಮೊದಲೇ ಅವರು ಹೋಗಿಬಿಟ್ಟರು.

ಅವರ ಹಿಂದೆಯೇ ಮನೆಗಳೂ ಕೈಬಿಟ್ಟು ಹೋದವು. ಗಂಡಸಿನ ದನಿಯೇ ಇಲ್ಲದ ಮೇಲೆ ಕಾವಲು ಎಂಥದ್ದು ಎಂದು ಒಬ್ಬೊಬ್ಬರಾಗಿ ಕೀಲಿಕೈ ವಾಪಸು ಕೇಳಿದರು. ಮಗಳು ದರ್ಜಿ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ, ಕಾಜಾ ಹಾಕುತ್ತಾಳೆ. ಅದೊಂದರಲ್ಲೇ ಸಂಸಾರ ನಡೆಯುವುದಿಲ್ಲ. ಉಳಿದ ಎರಡು ಮನೆ ಹೋದರೆ ಒಲೆ ಹೊತ್ತುವುದಿಲ್ಲ ಎಂದಾದಾಗ, ಬೀಗದಕ್ಕ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕೆಮ್ಮುವುದನ್ನು ಕಲಿಯತೊಡಗಿದರು. ಮೇಷ್ಟ್ರದು ಬರಲಿಲ್ಲ, ವಕೀಲರದೂ ಬರಲಿಲ್ಲ. ಕಿವಿಯಲ್ಲಿ ಉಳಿದಿದ್ದು ಒಂದೇ, ಆ ಹೊಸ ಮನೆಯದು.

"ದಿನಾ ಹೆಣ್ಣುದನಿನೇ ಬರ್ತಿತ್ತು. ಒಂದು ದಿನ ಮಗಳು ಪಕ್ಕದ ರೂಮಲ್ಲಿ ಮಲಗಿದ್ಲು. ನಾನು ಕೆಮ್ಮಿದೆ. 'ಅಪ್ಪಾ' ಅಂತ ಎದ್ದು ಓಡಿ ಬಂದ್ಲು ಮೇಡಂ. ಬಾಗಿಲು ತಳ್ಳಿ ನೋಡಿದ್ರೆ ನಾನು. ಹಂಗೇ ಗೋಡೆ ಹಿಡ್ಕೊಂಡು ಕೂತುಬಿಟ್ಲು. ಕಲ್ತಾಯ್ತು ಅಂತ ನಂಗೆ ಗೊತ್ತಾಗಿದ್ದು ಆವತ್ತೇ."

ನಾನು ಮೆಟ್ಟಿಲ ಮೇಲೆ ಕೂತುಬಿಡುತ್ತೇನೆ. ಆಕೆಯೇ ನನ್ನ ಬೆನ್ನು ತಟ್ಟಿ, "ನಡೀರಿ, ಇನ್ನೊಂದು ಮನೆ ಇದೆ" ಎಂದು ಎಬ್ಬಿಸುತ್ತಾರೆ. ಈಗ ಮನೆಗಳು ಮತ್ತೆ ಬರುತ್ತಿವೆ. ಹೊಟ್ಟೆಗೆ ತೊಂದರೆಯಿಲ್ಲ. ಅಮ್ಮ ಹೊರಗೆ ಏನು ಬೇಕಾದರೂ ಮಾಡಿಕೊಳ್ಳಲಿ, ಮನೆಯಲ್ಲಿ ಮಾತ್ರ ಕೆಮ್ಮಕೂಡದು ಎಂದು ಮಗಳು ಆಣೆ ಮಾಡಿಸಿಕೊಂಡಿದ್ದಾಳೆ. ನೆಗಡಿಯಾದರೂ ಬೀಗದಕ್ಕ ಬೀದಿಗೆ ಬಂದು ಕೆಮ್ಮಿ ಒಳಗೆ ಹೋಗುತ್ತಾರೆ.

ಇವತ್ತಿನ ಕೊನೆಯ ಮನೆಯ ಪಕ್ಕಕ್ಕೆ ಹೊಸದಾಗಿ ಬಾಡಿಗೆಗೆ ಬಂದವರಿದ್ದಾರೆ. ಅವರಿಗೆ ಇದೆಲ್ಲ ಗೊತ್ತಿಲ್ಲ. ಈ ಮನೆಯಲ್ಲಿ ಗಂಡ ಹೆಂಡತಿ ವಾಸವಿದ್ದಾರೆ ಎಂದೇ ನಂಬಿದ್ದಾರೆ. ಬೀಗದಕ್ಕ ಬಚ್ಚಲಲ್ಲಿ ಕೆಮ್ಮಿ, ಟವೆಲ್ ಹಿಂಡಿಕೊಂಡು ಹಿತ್ತಲಿಗೆ ಬರುತ್ತಾರೆ. ಕಾಂಪೌಂಡಿನ ಆಚೆಯಿಂದ ಒಬ್ಬ ಹೆಂಗಸು ಕೂಸನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಣುಕುತ್ತಾಳೆ.

"ತಪ್ಪು ತಿಳ್ಕೋಬೇಡಿ ಅಮ್ಮಾ, ದಿನಾ ಕೇಳಿಸ್ಕೊತಿದೀನಿ. ನಿಮ್ಮ ಯಜಮಾನ್ರ ಕೆಮ್ಮು ನಂಗ್ಯಾಕೋ ಸರಿ ಕಾಣ್ತಿಲ್ಲ. ಒಂದ್ಸಲ ಡಾಕ್ಟ್ರಿಗೆ ತೋರಿಸಿಬಿಡಿ."

ಕೆಲಸ ಇಷ್ಟು ಚೆನ್ನಾಗಿ ಆಗಿದೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಬೀಗದಕ್ಕನ ಕೈಯಲ್ಲಿ ಟವೆಲ್ ಹಾಗೆಯೇ ನಿಲ್ಲುತ್ತದೆ. ಕಣ್ಣು ತುಂಬಿಕೊಂಡರೂ ದನಿ ಮಾತ್ರ ಸಂಸಾರಸ್ಥೆಯ ದನಿಯೇ.

"ಹೂನಮ್ಮಾ," ಎನ್ನುತ್ತಾರೆ. "ಇವತ್ತೇ ಕರ್ಕೊಂಡು ಹೋಗ್ತೀನಿ."