ಬರುತ್ತಪ್ಪ

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಸಂಬಳದ ದಿನ ಬಿಟ್ಟರೆ ಆ ಹೆಸರಿಗೆ ಕೆಲಸವಿರಲಿಲ್ಲ. ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ಕೂತು, ಇಲ್ಲದ ಮಾತ್ರೆ ಕೇಳಿದ ಗಂಡಸರಿಗೆ ‘ಬರುತ್ತಪ್ಪ’ ಎಂದೂ ಹೆಂಗಸರಿಗೆ ‘ಬರುತ್ತಮ್ಮ’ ಎಂದೂ ಹೇಳಿ ಹೇಳಿ, ಊರಿನವರ ಬಾಯಲ್ಲಿ ಅವನು ಬರುತ್ತಪ್ಪನೇ ಆಗಿಹೋದ. ಮನೆಯಲ್ಲಿ ಹೆಂಡತಿ, ಸೋರುವ ನಲ್ಲಿಗೆ ವಾಷರ್ ತಂದಿರಾ ಎಂದು ಕೇಳಿ, ಅವನು ಬಾಯಿ ತೆರೆಯುವ ಮೊದಲೇ ‘ಬರುತ್ತೆ, ಗೊತ್ತು’ ಎಂದು ತಾನೇ ಹೇಳಿಕೊಂಡು ನಲ್ಲಿಯ ಕೆಳಗೆ ಬಕೆಟ್ ಇಡುತ್ತಿದ್ದಳು.

ಆ ಕಿಟಕಿಯೋ, ಸೊಂಟದ ಮಟ್ಟಕ್ಕಿತ್ತು. ರೋಗಿಗಳು ಬಗ್ಗಿಯೇ ಕೇಳಲಿ ಎಂದು ಕಟ್ಟಿಸಿದ ಪುಣ್ಯಾತ್ಮನಿಗೆ ಆಸೆಯಿತ್ತೇನೋ. ಬರುತ್ತಪ್ಪ ಒಳ್ಳೆಯವನು, ತಾನೂ ಕತ್ತು ಬಗ್ಗಿಸಿ ಎದುರಿನವರ ಮುಖ ನೋಡಿ ಮಾತಾಡುತ್ತಿದ್ದ. ಅವನಿಗೆ ಕೆಲಸ ಕಲಿಸಿದ ಹಳೆಯ ಕಾಂಪೌಂಡರ್ ಮೊದಲ ದಿನವೇ ಕಿವಿಮಾತು ಹೇಳಿದ್ದ. "ಇಲ್ಲ ಅಂತ ಮಾತ್ರ ಅನ್ಬೇಡ. ಇಲ್ಲ ಅಂದ್ರೆ ಜನ ಜಗಳಕ್ಕೆ ನಿಲ್ತಾರೆ. ಬರುತ್ತೆ ಅಂದ್ರೆ ಮನೆಗೆ ಹೋಗ್ತಾರೆ." ಬರುತ್ತಪ್ಪ ಅದನ್ನು ಕರುಣೆ ಎಂದುಕೊಂಡ. ದೊಡ್ಡ ಡಾಕ್ಟರಿಗೂ ಅದೇ ಬೇಕಾಗಿತ್ತು. ಕಿಟಕಿಯಲ್ಲಿ ಇಲ್ಲ ಎಂದರೆ ಆ ಮಾತು ಮೇಲಕ್ಕೆ ಹೋಗುತ್ತದೆ, ಮೇಲಿನವರು ಯಾರಿಗಾದರೂ ಉತ್ತರ ಕೊಡಬೇಕಾಗುತ್ತದೆ. ಹಾಗಾಗಿ ಆ ಆಸ್ಪತ್ರೆಯಲ್ಲಿ ಏನು ಮುಗಿದರೂ ಈ ಒಂದು ಮಾತಿನ ದಾಸ್ತಾನು ಮುಗಿಯಲಿಲ್ಲ.

ಆಸ್ಪತ್ರೆಯ ಹಿಂದೆ, ಹಾಸಿಗೆಯ ಬಟ್ಟೆ ಒಗೆಯುವ ಕಟ್ಟೆಯಲ್ಲಿ ಒಬ್ಬ ಹೆಂಗಸು ದುಡಿಯುತ್ತಿದ್ದಳು. ಗಂಡ ಇಲ್ಲ, ಒಬ್ಬಳೇ ಮಗಳು. ಮಗಳಿಗೆ ಚಿಕ್ಕಂದಿನಿಂದ ಮೂರ್ಛೆ ರೋಗ. ಬೆಳಿಗ್ಗೆ ಒಂದು, ಸಂಜೆ ಒಂದು ಬಿಳಿ ಮಾತ್ರೆ ನುಂಗಿದರೆ ಸಾಕು, ರೋಗವಿದೆಯೆಂಬುದೇ ಮರೆತುಹೋಗುತ್ತಿತ್ತು. ಹುಡುಗಿ ಹೊಲಿಗೆ ಕಲಿತಿದ್ದಳು. ಹರಿದ ಆಸ್ಪತ್ರೆ ಹಾಸಿಗೆ ಬಟ್ಟೆಯಲ್ಲೇ ಬರುತ್ತಪ್ಪನ ಕುರ್ಚಿಗೆ ದಿಂಬು ಹೊಲಿದುಕೊಟ್ಟು, "ಮಾವ, ಸರ್ಕಾರದ ಮುದ್ರೆ ಮೇಲೇ ಕೂತ್ಕೊಳ್ಳಿ" ಎಂದು ನಕ್ಕಿದ್ದಳು. ಮುದ್ರೆ ನಿಜವಾಗಿಯೂ ಸರಿಯಾಗಿ ನಡುವಿಗೇ ಬಂದಿತ್ತು.

ಆ ಬಿಳಿ ಮಾತ್ರೆ ಬರುವುದು ನಿಂತಿತು. ಯಾಕೆ ನಿಂತಿತೋ ಕಿಟಕಿಯವರೆಗೆ ಯಾರೂ ತಿಳಿಸಲಿಲ್ಲ. ಹುಡುಗಿ ಇದ್ದ ಮಾತ್ರೆಗಳನ್ನೇ ಅರ್ಧ ಮಾಡಿ ನುಂಗತೊಡಗಿದಳು. ಅವಳ ತಾಯಿ ಒದ್ದೆ ಸೆರಗು ಹಿಂಡುತ್ತ ಬಂದು ಕಿಟಕಿಗೆ ಬಗ್ಗಿದಳು.

"ಅಣ್ಣ, ಪೇಟೆ ಅಂಗಡೀಲಿ ಸಿಗುತ್ತಂತೆ. ಕಿವೀದು ಮಾರಿ ತಂದುಬಿಡ್ಲಾ?"

"ಸುಮ್ನೆ ಯಾಕಮ್ಮ ಕಿವಿ ಬರಿದು ಮಾಡ್ಕೋತೀಯ? ಬರುತ್ತೆ. ಬಂದ ತಕ್ಷಣ ಮೊದಲು ನಿನ್ನ ಮಗಳಿಗೇ ಎತ್ತಿಡ್ತೀನಿ."

ಇದನ್ನು ಅವನು ಮನಸಾರೆ ಹೇಳಿದ. ಅದೇ ಸಂಕಟ. ಸುಳ್ಳನಾಗಿದ್ದರೆ ಅವಳು ನಂಬುತ್ತಲೇ ಇರಲಿಲ್ಲ.

ಆ ದಿನಗಳಲ್ಲೇ ಒಬ್ಬ ಲಾಯರಮ್ಮ ಆಸ್ಪತ್ರೆಗೆ ಬಂದಳು. ಸಾಲಿನಲ್ಲಿ ನಿಂತವರಿಗೆಲ್ಲ ಬಿಡಿಸಿ ಹೇಳಿದಳು: ದೇಶದೇಶಗಳು ಕೂತು ಮಾಡಿಕೊಂಡ ಒಪ್ಪಂದಕ್ಕೆ ನಮ್ಮ ಸರ್ಕಾರವೂ ಸಹಿ ಹಾಕಿದೆ, ಅಗತ್ಯದ ಔಷಧಿ ಯಾರೂ ಕೊಡುವ ದಾನವಲ್ಲ, ಮನುಷ್ಯನಾಗಿ ಹುಟ್ಟಿದ್ದಕ್ಕೇ ಸಿಗಬೇಕಾದ ಹಕ್ಕು, ಕೊಡದಿದ್ದರೆ ಕೋರ್ಟಿನಲ್ಲಿ ಕೇಳಬಹುದು. ಆದರೆ ಔಷಧಿಯಿಲ್ಲವೆಂದು ಯಾರನ್ನೂ ವಾಪಸ್ ಕಳಿಸಿಲ್ಲ ಅಂತ ಸರ್ಕಾರ ಹೇಳುತ್ತಿದೆ. ನಿಮಗೆ ಯಾರಾದರೂ ಇಲ್ಲ ಅಂದರಾ? ಸಾಲಿನವರು ಮುಖ ಮುಖ ನೋಡಿಕೊಂಡರು. ಇಲ್ಲ ಅಂತ ಯಾರೂ ಅಂದಿರಲಿಲ್ಲವಲ್ಲ. ಪಾಪ, ಅಷ್ಟು ಒಳ್ಳೆಯ ಮನುಷ್ಯನ ಮೇಲೆ ದೂರು ಹೇಳುವುದು ಹೇಗೆ? ಲಾಯರಮ್ಮ ಕೊನೆಗೆ ಕಿಟಕಿಗೇ ಬಗ್ಗಿ, ಮೂರ್ಛೆಯ ಮಾತ್ರೆ ಇದೆಯಾ ಇಲ್ಲವಾ ಎಂದು ಕೇಳಿದಳು. ದೊಡ್ಡ ಡಾಕ್ಟರು ಒಳಗೆ ಬರುತ್ತಪ್ಪನ ಹಿಂದೆಯೇ ನಿಂತಿದ್ದರು.

"ಬರುತ್ತಮ್ಮ" ಎಂದ ಬರುತ್ತಪ್ಪ. ಸಾಲು ಗೊಳ್ಳೆಂದು ನಕ್ಕಿತು. ಲಾಯರಮ್ಮ ನಗಲಿಲ್ಲ.

ಹುಡುಗಿ ಒಂದು ಮಧ್ಯಾಹ್ನ ತಾಯಿಗೆ ಊಟ ತಂದಳು. ತಾಯಿ ಒಗೆದ ಬಟ್ಟೆ ಹರವಲು ಹಿತ್ತಲಿಗೆ ಹೋಗಿದ್ದಳು. ಬಟ್ಟೆ ನೆನೆಹಾಕುವ ತೊಟ್ಟಿಯ ಅಂಚಿನಲ್ಲಿ ಹುಡುಗಿ ಕೂತಳು, ಅಲ್ಲಿಯೇ ಮೂರ್ಛೆ ಬಂತು. ಮೊಣಕಾಲುದ್ದದ ನೀರು. ತಾಯಿ ಬಂದು ನೋಡಿದಾಗ ಊಟದ ಡಬ್ಬಿ ಕಟ್ಟೆಯ ಮೇಲೆ ಮುಚ್ಚಳ ಬಿಚ್ಚದೆ ಕೂತಿತ್ತು, ಮಗಳು ನೆನೆದ ಬಟ್ಟೆಗಳ ನಡುವೆ ಬೋರಲಾಗಿ ಬಿದ್ದಿದ್ದಳು. ವಾರ್ಡಿನವರು ಓಡಿಬಂದು ಎತ್ತಿದರು. ಆಸ್ಪತ್ರೆಯ ಹಿಂದೆಯೇ ಸತ್ತಳು, ಡಾಕ್ಟರುಗಳಿಗೆ ಕೂಗಿದರೆ ಕೇಳುವಷ್ಟು ಹತ್ತಿರ.

ಅಂತ್ಯಕ್ರಿಯೆಗೆ ಹೋದ ಬರುತ್ತಪ್ಪ ದೂರದಲ್ಲೇ ನಿಂತು ಬಂದ. ಕುರ್ಚಿಯ ದಿಂಬನ್ನು ತೆಗೆದಿಟ್ಟ, ಮತ್ತೆ ಹಾಕಿದ. ಎರಡೂ ಸರಿಯೆನಿಸಲಿಲ್ಲ.

ತಾಯಿ ಕೆಲಸಕ್ಕೆ ಮರಳಿದ ದಿನ ಲಾಯರಮ್ಮನನ್ನು ಜೊತೆಗೆ ಕರೆದುಕೊಂಡು ಬಂದು ಸಾಲಿನಲ್ಲಿ ನಿಂತಳು. ಸರದಿ ಬಂದಾಗ ಎಂದಿನಂತೆ ಬಗ್ಗಿದಳು. ಕಿವಿಯಲ್ಲಿ ಓಲೆ ಹಾಗೇ ಇತ್ತು.

"ಮಾತ್ರೆ ಇದೆಯಾ ಅಣ್ಣ?"

ಬರುತ್ತಪ್ಪನ ಬಾಯಿಗೆ ಅಭ್ಯಾಸದ ಮಾತು ಬಂತು. ನುಂಗಿಕೊಂಡ.

"ಇಲ್ಲ."

"ಆವತ್ತೇ ಅಂದಿದ್ರೆ ನಾನು ಹೋಗಿ ತಂದ್ಕೋತಿದ್ದೆ" ಎಂದಳು. ದನಿ ಏರಿಸಲಿಲ್ಲ. ಅವನು ಬೈಸಿಕೊಳ್ಳಲು ಕಾದ, ಅವಳು ಬೈಯಲೂ ಇಲ್ಲ. ಹಿಂದಿದ್ದವರಿಗೆ ಜಾಗ ಬಿಟ್ಟು ತನ್ನ ಕಟ್ಟೆಗೆ ಹೋದಳು. ಲಾಯರಮ್ಮನಿಗೆ ಬೇಕಾಗಿದ್ದ ಒಂದು ಪದ ಸಿಕ್ಕಿತು, ಕೇಸೂ ದಾಖಲಾಯಿತು. ಈಗ ಅಲ್ಲಿಯೂ ಬರೀ ಮುಂದಿನ ದಿನಾಂಕವೇ ಸಿಗುತ್ತಿದೆ.

ಅವತ್ತು ಬರುತ್ತಪ್ಪ ಇಲ್ಲದ ಔಷಧಿಗೆಲ್ಲ ಇಲ್ಲ ಎಂದ. ಸಾಲು ರೇಗಿತು. ಸರ್ಕಾರದ ಸಂಬಳ ತಿಂದು ಕೊಬ್ಬಿದ್ದಾನೆ ಎಂದ ಒಬ್ಬ. ಎಷ್ಟು ಒಳ್ಳೆಯವನಾಗಿದ್ದ ಎಂದು ಮುದುಕಿಯೊಬ್ಬಳು ಕಣ್ಣೊರೆಸಿಕೊಂಡಳು. ಊಟದ ಹೊತ್ತಿಗೆ ದೊಡ್ಡ ಡಾಕ್ಟರು ಅವನನ್ನು ಹಿಂದಿನ ಗೋದಾಮಿಗೆ ಹಾಕಿ, ಆಗತಾನೇ ಕಾಲೇಜು ಮುಗಿಸಿ ಬಂದ ಹುಡುಗಿಯೊಬ್ಬಳನ್ನು ಕಿಟಕಿಗೆ ಕೂರಿಸಿದರು.

ಖಾಲಿ ಕಪಾಟುಗಳ ನಡುವೆ, ಅದೇ ದಿಂಬಿನ ಮೇಲೆ ಬರುತ್ತಪ್ಪ ಕೂತ. ಹಲಗೆಯ ಗೋಡೆಯಾಚೆ ಯಾರೋ ಮೂರ್ಛೆಯ ಮಾತ್ರೆ ಕೇಳಿದರು. ಹೊಸ ಹುಡುಗಿ ಡ್ರಾಯರ್ ಎಳೆದು ಮುಚ್ಚಿದಳು. ಆಮೇಲೆ ಅವನಿಗಿಂತಲೂ ಮೆತ್ತಗೆ "ಬರುತ್ತಮ್ಮ" ಎಂದಳು.

ಜನ ಮನೆಗೆ ಹೋದರು.